ಕ್ಯಾಲ್ಕುಲೇಟರ್ ಕೊಳ್ಳುವ ಮೊದಲು

ಹದಿನೇಳು ವರ್ಷದಿಂದ ಅಮೆರಿಕದಲ್ಲಿದ್ದೇನೆ. ರಜೆಗೆ ಬಸವನಗುಡಿಯ ಅಕ್ಕನ ಮನೆಗೆ ಬಂದಾಗಲೆಲ್ಲ, ಅಲ್ಲಿಗೆ ಹೊರಟುನಿಂತ ಒಂದಾದರೂ ಕುಟುಂಬ ಸಿಗುತ್ತದೆ. ಈ ಸಲ ಎದುರುಮನೆಯವರು ಕುಕ್ಕರು, ಸಾರಿನ ಪುಡಿಯ ಪಟ್ಟಿ ಹಿಡಿದು ಬಂದು ಕೇಳಿದರು: "ಮಗಳು ಅಲ್ಲಿ ಹನ್ನೊಂದನೇ ತರಗತಿಗೆ ಸೇರುತ್ತಾಳೆ. ಕ್ಯಾಲ್ಕುಲೇಟರನ್ನು ಎಸ್.ಪಿ. ರಸ್ತೆಯಲ್ಲೇ ಕೊಂಡುಬಿಡೋಣವೇ?"

ಬೇಡ ಎಂದೆ. ನಾವು ಎಂಜಿನಿಯರಿಂಗ್‌ನಲ್ಲಿ ಬಳಸಿದ ಕ್ಯಾಸಿಯೊ 991 ಗ್ರಾಫ್ ಬಿಡಿಸುವುದಿಲ್ಲ. ಅಲ್ಲಿ ಬೇಕಾಗುವುದು ಪರದೆಯ ಮೇಲೆ ಗ್ರಾಫ್ ಬಿಡಿಸುವ ಗ್ರಾಫಿಂಗ್ ಕ್ಯಾಲ್ಕುಲೇಟರ್. ಸಿಇಟಿಗೆ ಯಾವ ಕ್ಯಾಲ್ಕುಲೇಟರನ್ನೂ ಒಳಗೆ ಬಿಡದ ಊರಿನವರಿಗೆ ಇದು ವಿಚಿತ್ರ ಎನಿಸಬಹುದು. ಆದರೆ ಅಲ್ಲಿ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಗಣಿತ ಓದಿದವರು ಬರೆಯುವ ಎಪಿ ಕ್ಯಾಲ್ಕುಲಸ್ ಪರೀಕ್ಷೆಯ ಒಂದು ಭಾಗವನ್ನು ಗ್ರಾಫಿಂಗ್ ಕ್ಯಾಲ್ಕುಲೇಟರ್ ಇದೆಯೆಂದು ನಂಬಿಯೇ ರೂಪಿಸಿರುತ್ತಾರೆ. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿಗಾಗಿ ಮಾತ್ರ ಕೊಳ್ಳುವ ಅಗತ್ಯವಿಲ್ಲ. ಪರೀಕ್ಷೆಯ ಆ್ಯಪ್‌ನಲ್ಲೇ ಡೆಸ್ಮಾಸ್ ಎಂಬ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇರುತ್ತದೆ.

ಎಡವುವುದು ಸಿಎಎಸ್ (ಕಂಪ್ಯೂಟರ್ ಆಲ್ಜೀಬ್ರಾ ಸಿಸ್ಟಂ) ಎಂಬಲ್ಲಿ. ಅದಿರುವ ಯಂತ್ರ ಎಕ್ಸ್, ವೈಗಳನ್ನು ಹಾಗೆಯೇ ಇಟ್ಟುಕೊಂಡು ಬೀಜಗಣಿತ ಬಿಡಿಸುತ್ತದೆ. ಎಪಿ ಕ್ಯಾಲ್ಕುಲಸ್‌ಗೆ ಅದು ನಡೆಯುತ್ತದೆ. ಎಸ್‌ಎಟಿಯಂಥದೇ ಇನ್ನೊಂದು ಪ್ರವೇಶ ಪರೀಕ್ಷೆಯಾದ ಎಸಿಟಿಗೂ, ಅಂತರರಾಷ್ಟ್ರೀಯ ಪಠ್ಯಕ್ರಮವಾದ ಐಬಿಯ ಪರೀಕ್ಷೆಗೂ ನಡೆಯುವುದಿಲ್ಲ. ನಾನು ಮಗನಿಗೆ ಅಗ್ಗಕ್ಕೆ ಸಿಕ್ಕಿತೆಂದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಹಳೆಯ ಟಿಐ-89 ಕೊಂಡಿದ್ದೆ. ಅದರ ಮೈಮೇಲೆ ಸಿಎಎಸ್ ಎಂದು ಎಲ್ಲೂ ಬರೆದಿಲ್ಲ, ಒಳಗಿರುವುದು ಮಾತ್ರ ಅದೇ. ಎಸಿಟಿಯ ಬೆಳಿಗ್ಗೆ ಮೇಲ್ವಿಚಾರಕಿ ಅದನ್ನು ತೆಗೆದಿಡಲು ಹೇಳಿದರು. ಅವನು ಎಲ್ಲವನ್ನೂ ಕೈಯಲ್ಲೇ ಲೆಕ್ಕ ಹಾಕಿ ಬಂದು, ಎರಡು ದಿನ ನನ್ನೊಂದಿಗೆ ಮಾತು ಬಿಟ್ಟ.

ನನ್ನನ್ನು ಕೇಳಿದರೆ ಟಿಐ-84 ಪ್ಲಸ್ ಸಿಇ. ಹೊಸದಕ್ಕೆ ನೂರು ಡಾಲರಿಗೂ ಹೆಚ್ಚು, ಹೌದು. ಆದರೆ ಅಮೆರಿಕದ ಶಿಕ್ಷಕರು ಸಾಮಾನ್ಯವಾಗಿ ಅದರ ಕೀಲಿಗಳನ್ನೇ ತೋರಿಸಿ ಕಲಿಸುತ್ತಾರೆ. ಕ್ಯಾಸಿಯೊ ಎಫ್‌ಎಕ್ಸ್-ಸಿಜಿ50 ಕೆಲಸದಲ್ಲಿ ಏನೂ ಕಡಿಮೆಯಿಲ್ಲ. ಮೆನುಗಳನ್ನು ತಾನೇ ಹುಡುಕಿಕೊಳ್ಳುವ ಮಗುವಿಗೆ ಸಾಕು. ಬೆಂಗಳೂರಿನ ಐಬಿ ಶಾಲೆಯಿಂದ ಹೋಗುವವರ ಬಳಿ ಅದಾಗಲೇ ಇದ್ದರೆ ಬದಲಿಸಬೇಡಿ. ಮೊದಲ ವಾರ ಶಿಕ್ಷಕರನ್ನು ಕೇಳಿಯೇ ಕೊಳ್ಳಿ, ಕೆಲವು ಶಾಲೆಗಳು ವರ್ಷಕ್ಕೆಂದು ಎರವಲು ಕೊಡುತ್ತವೆ.

ಐಬಿಗೆ ಪರೀಕ್ಷಾ ಮೋಡ್ ಕಲಿತಿರಬೇಕು. ಟಿಐ-84 ಸಿಇಯನ್ನು ಆಫ್ ಮಾಡಿ, ಎಡ ಮತ್ತು ಬಲ ಬಾಣದ ಗುಂಡಿಗಳನ್ನು ಒತ್ತಿಹಿಡಿದು ಆನ್ ಒತ್ತಿದರೆ, ಉಳಿಸಿಟ್ಟ ಪ್ರೋಗ್ರಾಂಗಳಿಗೆ ಬೀಗ ಬೀಳುತ್ತದೆ. ಮನೆಯಲ್ಲಿ ಎರಡು ಸಲ ಮಾಡಿ ನೋಡಲಿ. ಹಿಂದಿನ ರಾತ್ರಿ ಚಾರ್ಜ್‌ಗೆ ಹಾಕಲಿ. ಕ್ಯಾಸಿಯೊ ಆದರೆ ನಾಲ್ಕು ಟ್ರಿಪಲ್-ಎ ಬ್ಯಾಟರಿ ಬೇಕು.

ಹಿಂಬದಿಯಲ್ಲಿ ಅಳಿಸಲಾಗದ ಶಾಯಿಯಿಂದ ಹೆಸರು ಬರೆಯಿರಿ. ತರಗತಿಯಲ್ಲಿ ಇಪ್ಪತ್ತೈದು ಕಪ್ಪು ಕ್ಯಾಲ್ಕುಲೇಟರುಗಳಿರುತ್ತವೆ.