ಉತ್ತರಕ್ಕೆ ಕಾಯುವುದನ್ನು ಬಿಟ್ಟ ಮೇಲೆ

ಮಂಗಳೂರಿನ ಬಿಜೈಯಲ್ಲಿ ನಮ್ಮದು ಐದು ಜನರ ಸಾಫ್ಟ್‌ವೇರ್ ಆಫೀಸು. ಡಿಸೈನ್ ಬರ್ಲಿನ್‌ನಲ್ಲಿ, ಕೋಡ್ ರಿವ್ಯೂ ಅಮೆರಿಕದ ಸಿಯಾಟಲ್‌ನಲ್ಲಿ. ಮೊದಲು ದಿನಾ ರಾತ್ರಿ 9.30ಕ್ಕೆ ಅವರ ಜೊತೆ ಕಾಲ್ ಇತ್ತು. ಅದನ್ನು ವಾರಕ್ಕೊಂದು ಮಾಡುತ್ತೇನೆ ಎಂದಾಗ ಮಣಿಪಾಲದ ಗೆಳೆಯನೊಬ್ಬ ನಕ್ಕ. "ಮಾರಾಯ, ಮುಖ ಕಾಣದಿದ್ರೆ ಫಾರಿನ್‌ನವರು ಎರಡೇ ತಿಂಗಳಲ್ಲಿ ಬಿಟ್ಟು ಹೋಗ್ತಾರೆ." ಒಂದೂವರೆ ವರ್ಷ ಆಯ್ತು. ಎಲ್ಲೂ ಹೋಗಿಲ್ಲ.

ಮೊದಲಿನ ಅವಸ್ಥೆ ಕೇಳಬೇಡಿ. ಪುಲ್ ರಿಕ್ವೆಸ್ಟ್, ಅಂದರೆ ಬದಲಿಸಿದ ಕೋಡ್ ನೋಡಿ ಒಪ್ಪಿ ಎಂಬ ಕೋರಿಕೆ, ಹಾಕಿದರೆ ಸಿಯಾಟಲ್‌ನವರು ಎದ್ದು ಪ್ರಶ್ನೆ ಕೇಳುವಾಗ ನಮಗೆ ರಾತ್ರಿ. ಉತ್ತರ ಮರುದಿನ. ಅದಕ್ಕೆ ಇನ್ನೊಂದು ಪ್ರಶ್ನೆ. ಹತ್ತು ಸಾಲಿನ ಬದಲಾವಣೆಗೆ ಒಂದು ವಾರ! ಕಾಲ್‌ನಲ್ಲಿ ನಮ್ಮ ಹುಡುಗರು "ಯೆಸ್ ಯೆಸ್" ಎನ್ನುತ್ತಿದ್ದರು. ನಮಗದು "ಕೇಳಿಸಿತು", ಅವರಿಗದು "ಮಾಡುತ್ತೇವೆ". ಅಂಥ ಒಂದು ಯೆಸ್‌ನಿಂದ ಪೇಮೆಂಟ್ ಪುಟವನ್ನು ಎರಡು ಸಲ ಬರೆದಿದ್ದೇವೆ.

ದೊಡ್ಡ ಪೆಟ್ಟು ಬಿದ್ದದ್ದು ಮಾರ್ಚ್‌ನಲ್ಲಿ. ಅಮೆರಿಕದವರು ಆ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಯುರೋಪಿನವರು ಕೊನೆಯ ಭಾನುವಾರ. ನಾವು ಮುಟ್ಟುವುದೇ ಇಲ್ಲ. ಸಿಯಾಟಲ್‌ನ ಬೆಳಗ್ಗೆ 8 ಎಂದರೆ ನಮಗೆ 9.30 ಇದ್ದದ್ದು 8.30 ಆಗಿತ್ತು. ಕ್ಯಾಲೆಂಡರ್ ನೋಡದೆ, ಅಭ್ಯಾಸಬಲದಲ್ಲಿ ಊಟ ಮುಗಿಸಿಯೇ ಬಂದು ಕೂತೆವು. ಡೆಮೊಗೆ ಕಾದವರು ಎದ್ದು ಹೋಗಿದ್ದರು. ಮುಂದಿನ ಹಂತದ ಕೆಲಸ, ಸುಮಾರು ಒಂದೂವರೆ ಲಕ್ಷದ್ದು, ಬೇರೆಯವರ ಪಾಲಾಯಿತು.

ಆಮೇಲೆ ನಾನು ಹಾಕಿದ ನಿಯಮ ಇಷ್ಟೇ. ಸುಮ್ನೆ ಪ್ರಶ್ನೆ ಕೇಳಬಾರದು. "ನಿಮ್ಮ ಸಂಜೆಯೊಳಗೆ ಬೇಡ ಎನ್ನದಿದ್ದರೆ ಹೀಗೆ ಮಾಡುತ್ತೇವೆ" ಎಂದು ಜೊತೆಗೇ ಬರೆಯಬೇಕು. ಅವರಿಗೂ ಅಷ್ಟೇ: ಸಣ್ಣ ತಕರಾರಾದರೆ ಬರೆದಿಟ್ಟು ಅಪ್ರೂವ್ ಮಾಡಿಬಿಡಿ. ಈಗ ರಿವ್ಯೂ ಹೆಚ್ಚೆಂದರೆ ಒಂದೂವರೆ ದಿನ. ಮೊದಮೊದಲು ಬರ್ಲಿನ್‌ನವರಿಗೆ ಇದು ಸ್ವಲ್ಪ ಜೋರಾಯಿತು ಅನ್ನಿಸಿತ್ತು. ಆ ಸಾಲನ್ನು ನಯವಾಗಿ ಬರೆಯುವ ಕ್ರಮ ಒಂದಿದೆ. ಅದು ನಮ್ಮ ಆಫೀಸಿನಲ್ಲೇ ಇರಲಿ.

ಆದರೆ ಹಿಂದಕ್ಕೆ ತರಲಾಗದ್ದಕ್ಕೆ ಕಾಯಲೇಬೇಕು. ಇದೇ ಹುರುಪಿನಲ್ಲಿ ಒಮ್ಮೆ ಡೇಟಾಬೇಸ್‌ನ ಒಂದು ಕಾಲಂ ಅಳಿಸಿ, ಬ್ಯಾಕಪ್‌ನಿಂದ ತರಲು ಎರಡು ರಾತ್ರಿ ಕೂತಿದ್ದೇವೆ.

ನಡುವೆ ಬರೆದು ಕಳಿಸುವ ಬದಲು ಎರಡು ನಿಮಿಷದ ಸ್ಕ್ರೀನ್ ವಿಡಿಯೊ ಕಳಿಸಿಯೂ ನೋಡಿದೆ. ಜುಲೈಯಲ್ಲಿ ಶುರು ಮಾಡಿದ್ದೇ ತಪ್ಪು. ನಮ್ಮದು ಶೀಟಿನ ಮಾಡು. ಬರ್ಲಿನ್‌ನಿಂದ ಪ್ರಶ್ನೆ ಬಂತು: ಹಿಂದೆ ಯಾಕೆ ಅಷ್ಟು ಜನ ಚಪ್ಪಾಳೆ ಹೊಡೆಯುತ್ತಿದ್ದಾರೆ?