ಬೆಂಗಳೂರು, ಮಂಗಳೂರು: ಮಳೆ–ಬಿಸಿಲು ಹೋಲಿಸುವುದು ಹೇಗೆ?

ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟ ಕೂಡಲೇ ಮೊಬೈಲ್‌ನಲ್ಲಿ ಇವತ್ತಿನ ಉಷ್ಣಾಂಶ ನೋಡಿ 'ಬೆಂಗಳೂರು ತಂಪು, ಮಂಗಳೂರು ಸೆಕೆ' ಎಂದು ಬರೆಯುವ ಮಕ್ಕಳನ್ನು, ಬರೆಸುವ ಅಪ್ಪ–ಅಮ್ಮಂದಿರನ್ನು ತುಂಬಾ ನೋಡಿದ್ದೇನೆ. ಒಂದು ದಿನ ನೋಡಿ ಎರಡು ಊರು ಹೋಲಿಸಲು ಆಗುವುದಿಲ್ಲ.

1. ಅಂಕಿ ಹುಡುಕಿ. ಎಲ್ಲರೂ ಎಡವುವುದು ಇಲ್ಲೇ. ಎರಡೂ ಊರಿಗೆ ಒಂದೇ 30 ವರ್ಷಗಳ ಸರಾಸರಿ ಬೇಕು, ಉದಾಹರಣೆಗೆ 1991ರಿಂದ 2020. ಒಂದಕ್ಕೆ ವಾಡಿಕೆ ಮಳೆ (ಅಂದರೆ ಈ ಸರಾಸರಿ), ಇನ್ನೊಂದಕ್ಕೆ ಹೋದ ವರ್ಷದ ಮಳೆ ಹಾಕಿದರೆ ಲೆಕ್ಕವೇ ಕೆಟ್ಟಿತು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1000 ಮಿ.ಮೀ. ಮಳೆ ವಾಡಿಕೆ. 2022ರಲ್ಲಿ ಅದು 1900 ದಾಟಿತ್ತು!

ಮಾಪನ ಕೇಂದ್ರವನ್ನೂ ನೋಡಿ. ಬೆಂಗಳೂರು ನಗರ, ಎಚ್‌ಎಎಲ್, ಕೆಂಪೇಗೌಡ ವಿಮಾನ ನಿಲ್ದಾಣ, ಮೂರರ ಅಂಕಿಯೂ ಬೇರೆ. ಯಲಹಂಕದಲ್ಲಿ ಸುರಿದ ಮಳೆ ಜಯನಗರಕ್ಕೆ ಬರದೇ ಇರುವುದು ನಮಗೆ ಗೊತ್ತಿದ್ದದ್ದೇ ಅಲ್ವಾ? ಒಂದನ್ನು ಹಿಡಿದು ಅದರಲ್ಲೇ ಇರಿ. ದಿನದ ಮಳೆ ಲೆಕ್ಕ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ಸೋಮವಾರ ಸಂಜೆಯ ಮಳೆ ಮಂಗಳವಾರದ ಪಟ್ಟಿಯಲ್ಲಿ ಸಿಗುತ್ತದೆ.

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಚಾರ್ಟ್‌ನಲ್ಲಿ ಯಾವ ವರ್ಷದ ಅಂಕಿ ಎಂದು ಹಾಕಿಲ್ಲದಿದ್ದರೆ ಕೊಳ್ಳಬೇಡಿ.

2. ತಿಂಗಳುವಾರು ಬರೆದುಕೊಳ್ಳಿ. ಮಳೆಯನ್ನು ಕೂಡಿಸಿ, ಉಷ್ಣಾಂಶಕ್ಕೆ ಸರಾಸರಿ ತೆಗೆಯಿರಿ.

3. ಗ್ರಾಫ್ ಶೀಟ್, ಪೆನ್ಸಿಲ್ ತೆಗೆದುಕೊಳ್ಳಿ. ಮಳೆಗೆ ಕಂಬ, ಉಷ್ಣಾಂಶಕ್ಕೆ ಗೆರೆ. ಎರಡೂ ಊರಿಗೆ ಒಂದೇ ಅಳತೆ ಇರಲೇಬೇಕು. ಕಂಪ್ಯೂಟರ್‌ಗೆ ಬಿಟ್ಟರೆ ಅದು ಪ್ರತಿ ಊರಿಗೂ ಬೇರೆ ಅಳತೆ ಹಾಕಿ, ಎರಡರ ಕಂಬಗಳನ್ನೂ ಒಂದೇ ಎತ್ತರಕ್ಕೆ ತಂದು ನಿಲ್ಲಿಸುತ್ತದೆ. ನಿಜವಾಗಿ ನೋಡಿದರೆ, ಮಂಗಳೂರಿಗೆ ಜುಲೈ ಒಂದರಲ್ಲೇ ಬೀಳುವ ಮಳೆ ಬೆಂಗಳೂರಿನ ಇಡೀ ವರ್ಷದ ಮಳೆಗೆ ಹತ್ತಿರ.

4. ಈಗ ಓದಿ. ವರ್ಷದ ಮೊತ್ತವನ್ನಷ್ಟೇ ನೋಡಿದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಮಂಗಳೂರಿನ ಕಂಬ ಜೂನ್–ಜುಲೈನಲ್ಲಿ ಏರುತ್ತದೆ. ಪಶ್ಚಿಮ ಘಟ್ಟ ಮುಂಗಾರನ್ನು ಆ ಕಡೆಯೇ ತಡೆಯುವುದರಿಂದ ನಮ್ಮ ಬೆಂಗಳೂರಿನಲ್ಲಿ ಆಗ ಬರೀ ಜಿಟಿಜಿಟಿ. ಬೆಂಗಳೂರಿನ ಕಂಬ ಏರುವುದು ಎರಡು ಸಲ: ಮೇ ತಿಂಗಳ ಗುಡುಗು ಮಳೆಗೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ.

ಉಷ್ಣಾಂಶದಲ್ಲಿ ಗರಿಷ್ಠ, ಕನಿಷ್ಠ ಎರಡನ್ನೂ ಬೇರೆ ಬೇರೆ ಗೆರೆಯಲ್ಲಿ ತೋರಿಸಿ. ಏಪ್ರಿಲ್‌ ಮಧ್ಯಾಹ್ನ ಎರಡೂ ಊರು ಹೆಚ್ಚುಕಡಿಮೆ ಒಂದೇ, 33–34 ಡಿಗ್ರಿ ಆಸುಪಾಸು. ವ್ಯತ್ಯಾಸ ಇರುವುದು ರಾತ್ರಿಯಲ್ಲಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರು ಕತ್ತಲಾದ ಮೇಲೆ ತಣ್ಣಗಾಗುತ್ತದೆ, ಕಡಲ ಪಕ್ಕದ ಮಂಗಳೂರು ಅಷ್ಟು ತಣಿಯುವುದಿಲ್ಲ.

5. ಗ್ರಾಫ್ ಕೆಳಗೆ ಕೇಂದ್ರದ ಹೆಸರು, ವರ್ಷಗಳು, ಅಂಕಿ ಸಿಕ್ಕ ಜಾಗ ಬರೆಯಿರಿ.