ಕನ್ನಡದ ಹಾಳೆ ಕೊಡಿ, ಓದಿ ಹೇಳ್ತೇನೆ

ನಾನು ಪೆರ್ಲದಲ್ಲಿ ಬಟ್ಟೆ ಹೊಲಿಯುವವಳು. ಶುಗರ್ ಶುರುವಾಗಿ ಒಂಬತ್ತು ವರ್ಷ ಆಯಿತು. ಮದ್ದಿಗೆ ಹೋಗುವುದು ಮಂಗಳೂರಿಗೆ. ನಮ್ಮ ಜಿಲ್ಲೆ ಕೇರಳದ್ದಾದರೂ ಆಸ್ಪತ್ರೆ ಅಂದರೆ ನಮಗೆ ಮಂಗಳೂರೇ.

ಎರಡು ವರ್ಷದ ಹಿಂದೆ ಅಲ್ಲಿಯ ಡಾಕ್ಟ್ರು ಕೇಳಿದರು, "ಶುಗರಿನ ಒಂದು ಹೊಸ ಮಾತ್ರೆಯ ಅಧ್ಯಯನ ನಡೀತಾ ಉಂಟು. ಸೇರ್ತೀರಾ? ಬೇಡ ಅಂದರೂ ನಿಮ್ಮ ಮದ್ದು ಹೀಗೇ ಮುಂದುವರಿತದೆ."

ಹೊರಗೆ ಅಧ್ಯಯನದ ಕೆಲಸ ನೋಡುವ ಹುಡುಗಿ ಕೂತಿದ್ದಳು. ನನ್ನ ವಿಳಾಸದಲ್ಲಿ ಕಾಸರಗೋಡು ಜಿಲ್ಲೆ ಅಂತ ನೋಡಿ ಮಲಯಾಳದ ಮಾಹಿತಿ ಹಾಳೆ ಕೊಟ್ಟಳು. ಹದಿನೆಂಟು ಪುಟ. ಮಲಯಾಳ ನನಗೆ ಮಾತಾಡಲು ಬರುತ್ತದೆ, ಬಸ್ಸಿನ ಬೋರ್ಡು ಓದುತ್ತೇನೆ. ಆದರೆ ಮನೆಯಲ್ಲಿ ನಮ್ಮದು ತುಳು, ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ.

"ಕನ್ನಡದ್ದು ಕೊಡಿ" ಅಂದೆ.

"ಈಗ ಇಲ್ಲಿಲ್ಲ ಅಕ್ಕ. ನಾನೇ ಓದಿ ಹೇಳ್ತೇನೆ, ಸಾಕಲ್ವಾ?"

ಸಾಲದು ಅಂದೆ. ಆ ದಿನ ಸಹಿ ಹಾಕಲಿಲ್ಲ. ಮುಂದಿನ ವಾರ ಕನ್ನಡದ್ದು ಬಂತು. ಸೇರಿದವರ ಹಕ್ಕು, ಸುರಕ್ಷೆ ನೋಡಿಕೊಳ್ಳುವ ನೈತಿಕ ಸಮಿತಿ ಅದನ್ನು ಒಪ್ಪಿದ ತಾರೀಕು ಅದರಲ್ಲಿ ಇತ್ತು. ಅರ್ಥವಾಗುವ ಭಾಷೆಯಲ್ಲಿ ಹಾಳೆ ಕೇಳುವುದು ನಮ್ಮ ಹಕ್ಕು. ಓದಲು ಬಾರದವರಿಗೆ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಎದುರು ಓದಿ ಹೇಳಬೇಕು, ಆ ಸಾಕ್ಷಿಯೂ ಸಹಿ ಹಾಕಬೇಕು. ನನ್ನ ಪಕ್ಕದಲ್ಲಿದ್ದ ಅಮ್ಮ ಒಬ್ಬರಿಗೆ ಹಾಗೆಯೇ ಪೂರ್ತಿ ತುಳುವಿನಲ್ಲಿ ವಿವರಿಸಿದರು. ನೋಡಿ ಖುಷಿಯಾಯಿತು.

ಹಾಳೆ ಮನೆಗೆ ತಂದೆ. ನಾಲ್ಕು ರಾತ್ರಿ ಕೂತು ಓದಿದೆ. ಕನ್ನಡವೇ ಆದರೂ ಗಟ್ಟಿ ಕನ್ನಡ. "ಯಾದೃಚ್ಛಿಕ ಹಂಚಿಕೆ" ಅಂದರೆ ಏನು? ಆಮೇಲೆ ಆ ಹುಡುಗಿ ಹೇಳಿದಳು, ಚೀಟಿ ಎತ್ತಿದ ಹಾಗೆ, ಯಾರಿಗೆ ಯಾವ ಮಾತ್ರೆ ಅಂತ ಕಂಪ್ಯೂಟರ್ ಆರಿಸುತ್ತದೆ. ಹಾಗೇ ಬರೆಯಬಹುದಿತ್ತು. ಗೊತ್ತಾಗದ ಕಡೆಯಲ್ಲೆಲ್ಲ ಪೆನ್ಸಿಲಲ್ಲಿ ಗೆರೆ ಎಳೆದೆ. ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ಪ್ರಶ್ನೆ ಬರೆದುಕೊಂಡೆ. ತೊಂದರೆ ಆದರೆ ಖರ್ಚು ಯಾರದ್ದು? ನಡುವೆ ಬಿಟ್ಟರೆ ಡಾಕ್ಟ್ರು ಸಿಟ್ಟಾಗ್ತಾರಾ? ನನ್ನ ರಕ್ತ ಎಲ್ಲಿಗೆ ಹೋಗ್ತದೆ?

ಹಾಳೆಯ ಕೊನೆಯಲ್ಲಿ ನೈತಿಕ ಸಮಿತಿಯ ಫೋನ್ ನಂಬರ್ ಇತ್ತು. ಹೆದರಿಕೊಂಡೇ ಮಾಡಿದೆ. ಚೆನ್ನಾಗಿ ಮಾತಾಡಿದರು. ಅಧ್ಯಯನದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು, ಔಷಧ ಪ್ರಯೋಗಗಳ 2019ರ ನಿಯಮದಲ್ಲೇ ಹಾಗಿದೆ ಅಂದರು. ಸಮಿತಿಯಲ್ಲಿ ಕನಿಷ್ಠ 7 ಜನ ಇರಬೇಕಂತೆ. ಡಾಕ್ಟ್ರುಗಳು ಮಾತ್ರ ಅಲ್ಲ, ಕಾನೂನು ಗೊತ್ತಿದ್ದವರೂ, ನಮ್ಮಂಥ ಸಾಮಾನ್ಯರೂ. ಮಗ ಮೊಬೈಲಿನಲ್ಲಿ ಸಿಟಿಆರ್‌ಐ ನೋಡಿದ. ನಮ್ಮ ದೇಶದ ಔಷಧ ಪ್ರಯೋಗಗಳನ್ನು ನೋಂದಾಯಿಸುವ ಸರಕಾರಿ ಪಟ್ಟಿ ಅದು. 2009ರಿಂದ ನೋಂದಣಿ ಕಡ್ಡಾಯ. ಹಾಳೆಯಲ್ಲಿದ್ದ ನಂಬರ್ ಹಾಕಿದ ಕೂಡಲೇ ನಮ್ಮ ಅಧ್ಯಯನ ಸಿಕ್ಕಿತು.

ಮನೆಯಲ್ಲಿ ಒಪ್ಪಿಸುವುದೇ ಕಷ್ಟವಾದದ್ದು. ನಮ್ಮದು ಎಣ್ಮಕಜೆ ಪಂಚಾಯತು. ಎಂಡೋಸಲ್ಫಾನ್ ಕೀಟನಾಶಕದಿಂದ ನರಳಿದ ಪಡ್ರೆ ಊರು ಇಲ್ಲೇ. ಗೇರು ತೋಟಕ್ಕೆ 20 ವರ್ಷಕ್ಕೂ ಜಾಸ್ತಿ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದದ್ದನ್ನು ಮಾವ ಕಣ್ಣಾರೆ ಕಂಡವರು. "ನಮ್ಮ ಮೇಲೆ ಮಾಡಿದ ಪ್ರಯೋಗ ಸಾಕಾಗಲಿಲ್ವಾ? ಪುನಃ ನೀನಾಗಿ ಹೋಗ್ತೀಯಾ?" ಅಂತ ಕೇಳಿದರು. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ವಿಷ ಸುರಿಯುವಾಗ ನಮ್ಮನ್ನು ಯಾರೂ ಕೇಳಲಿಲ್ಲ. ಇಲ್ಲಿ ಕೇಳುತ್ತಿದ್ದಾರೆ, ಬೇಡ ಅನ್ನಲು ಬಿಡುತ್ತಿದ್ದಾರೆ. ಈ ವ್ಯತ್ಯಾಸ ನನಗೆ ದೊಡ್ಡದು.

ನನ್ನ ಸ್ವಂತ ಅನುಮಾನ ಬೇರೆ. ಅರ್ಧ ಜನರಿಗೆ ಮದ್ದಿಲ್ಲದ ಖಾಲಿ ಮಾತ್ರೆ ಕೊಡುತ್ತಾರೆ, ಯಾರಿಗೆ ಯಾವುದು ಅಂತ ಡಾಕ್ಟ್ರಿಗೂ ಗೊತ್ತಿರುವುದಿಲ್ಲ. ನನ್ನ ಹಳೆಯ ಮದ್ದು ನಿಲ್ಲುವುದಿಲ್ಲ, ಅದು ಸರಿ. ಆದರೂ ಖಾಲಿ ಮಾತ್ರೆ ನುಂಗಲು ಅಷ್ಟು ದೂರ ಯಾಕೆ ಹೋಗಬೇಕು?

ಆಗ ನೆನಪಾದದ್ದು ಪಡ್ರೆಯ ಮಕ್ಕಳು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪರೀಕ್ಷೆ ಮಾಡಿದ್ದರಲ್ವಾ. 2003ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ ಗೇರು ತೋಟದ ಬುಡದ ಊರಿನ 117 ಹುಡುಗರಿದ್ದರು. ಜೊತೆಗೆ ವಿಷ ಬೀಳದ ಕಡೆಯ 90 ಹುಡುಗರಿದ್ದರು. ವಿಷ ಬಿದ್ದ ಊರಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಅಂತ ತೋರಿಸಲು ಸಾಧ್ಯವಾದದ್ದು ಆ 90 ಮಕ್ಕಳೂ ಬಂದು ಕೂತದ್ದರಿಂದ. ಅವರಿಗೆ ಅದರಿಂದ ಏನೂ ಸಿಗಲಿಕ್ಕಿರಲಿಲ್ಲ. ಇದು ಹೊಳೆದ ಮೇಲೆ ಮಾವನಿಗೂ ಹೇಳಿದೆ. ಅವರು ಸುಮ್ಮನಾದರು. ನಾನು ಸಹಿ ಹಾಕಿದೆ, ಒಂದು ಪ್ರತಿ ಕೇಳಿ ತಂದೆ.

ಆರು ತಿಂಗಳು. ಬೆಳಗ್ಗೆ ಬರಿ ಹೊಟ್ಟೆಯಲ್ಲಿ ವಿಟ್ಲದ ದಾರಿಯಾಗಿ ಬಸ್ಸು, ರಕ್ತ ಕೊಟ್ಟ ಮೇಲೆ ತಿಂಡಿ. ಬುತ್ತಿ ಕಟ್ಟಿಕೊಂಡೇ ಹೋಗುತ್ತಿದ್ದೆ. ಖಾಲಿಯಾದ ಮಾತ್ರೆ ಪಟ್ಟಿ ಬಿಸಾಡುವ ಹಾಗಿಲ್ಲ, ಅವರು ಎಣಿಸುತ್ತಾರೆ. ಡೈರಿಯಲ್ಲಿ ದಿನಾ ಬರೆಯಬೇಕು. ಬಸ್ಸಿನ ಖರ್ಚು ಕೊಡುತ್ತಿದ್ದರು.

ಮೂರನೇ ತಿಂಗಳು ಜೋರು ಮಳೆ. ಬಾವಿಕಟ್ಟೆಯ ಹತ್ತಿರ ಪಾಚಿಗೆ ಜಾರಿ ಬಿದ್ದೆ, ಎಡಗೈ ಮಣಿಕಟ್ಟು ಮುರಿಯಿತು. ಒಂದು ರಾತ್ರಿ ಬೇರೊಂದು ಆಸ್ಪತ್ರೆಯಲ್ಲಿದ್ದೆ. ಬಿದ್ದದ್ದಕ್ಕೂ ಮಾತ್ರೆಗೂ ಏನು ಸಂಬಂಧ ಅಂತ ಫೋನ್ ಮಾಡಲಿಲ್ಲ. ನಾಲ್ಕು ದಿನದ ನಂತರ ಮಂಗಳೂರಿಗೆ ಹೋದಾಗ ಆ ಹುಡುಗಿ ಬ್ಯಾಂಡೇಜು ನೋಡಿ ಎದ್ದು ನಿಂತಳು. "ಅಕ್ಕ, ಅದೇ ದಿನ ಹೇಳಬೇಕಿತ್ತು." ಆಸ್ಪತ್ರೆಯಲ್ಲಿ ಮಲಗಿದರೆ ಕಾರಣ ಏನೇ ಇರಲಿ, ಅದು ಗಂಭೀರ ಘಟನೆಯೇ. ಘಟನೆ ನಡೆದ 24 ಗಂಟೆಯೊಳಗೆ ಡಾಕ್ಟ್ರು ವರದಿ ಮಾಡಬೇಕು. ಡಾಕ್ಟ್ರು ಕೇಳಿದರು, "ಜಾರಿದ್ದೋ, ತಲೆ ತಿರುಗಿದ್ದೋ?" ಹೌದಲ್ವಾ, ಶುಗರ್ ಇಳಿದು ತಲೆ ತಿರುಗಿದ್ದರೆ ಅದು ಮಾತ್ರೆಯ ಲೆಕ್ಕಕ್ಕೆ ಸೇರುತ್ತದೆ. ನಾನು ಜಾರಿದ್ದೇ. ಆದರೆ ಅದನ್ನು ತೀರ್ಮಾನಿಸಬೇಕಾದವಳು ನಾನಲ್ಲ. ಸೇರುವವರು ಇದೊಂದನ್ನು ಖಂಡಿತ ನೆನಪಿಡಿ, ಚಿಕ್ಕದು ಅಂತ ಮುಚ್ಚಿಡಬೇಡಿ.

ಅಧ್ಯಯನ ಪೂರ್ತಿ ಮುಗಿದು ಎಷ್ಟೋ ಸಮಯದ ನಂತರ ಫೋನ್ ಬಂತು. ನನಗೆ ಸಿಕ್ಕಿದ್ದು ಖಾಲಿ ಮಾತ್ರೆ. ಆದರೆ ನನ್ನ ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ ಪರೀಕ್ಷೆ) ಶೇಕಡಾ 8.3ರಿಂದ 7.7ಕ್ಕೆ ಇಳಿದಿತ್ತು! ಡೈರಿ ಬರೆಯಬೇಕಲ್ಲ ಅಂತ ಊಟದಲ್ಲಿ ಜಾಗ್ರತೆ ಮಾಡಿದ್ದೆ, ಒಂದು ದಿನವೂ ಮದ್ದು ತಪ್ಪಿಸಿರಲಿಲ್ಲ. ಖಾಲಿ ಮಾತ್ರೆಯವರೇ ಇರದಿದ್ದರೆ, ಹೀಗೆ ಇಳಿದದ್ದೆಲ್ಲ ಹೊಸ ಮದ್ದಿನ ಹೆಸರಿಗೇ ಹೋಗುತ್ತಿತ್ತು ಅಂದರು ಡಾಕ್ಟ್ರು. ಮಾವನಿಗೆ ಹೇಳಿದೆ. "ಹಾಗಾದರೆ ನೀನು ಆ 90ರಲ್ಲಿ ಒಬ್ಬಳು" ಅಂದರು.